ಚೆನ್ನಾಗಿದ್ದಾಳೆ ಎಂದ ಬೆಳಿಗ್ಗೆ

"ಈ ಪುಸ್ತಕ ಯಾರದು?"

ಗೈಡ್ ಅವಳ ಬ್ಯಾಗಿನಿಂದ ಇಟ್ಟಿಗೆಯಂಥ ನರ್ಸಿಂಗ್ ಪುಸ್ತಕವೊಂದನ್ನು ಎಳೆದು ಎಲ್ಲರೆದುರು ಎತ್ತಿ ಹಿಡಿದ. ಎರಡು ಜೊತೆ ಚಪ್ಪಲಿ, ದೊಡ್ಡ ಔಷಧಿ ಡಬ್ಬ, ಬಿಸಿನೀರಿನ ಚೀಲ ಅದಾಗಲೇ ನೆಲದ ಮೇಲೆ ಸಾಲಾಗಿ ಕೂತಿದ್ದವು.

"ನನ್ನದು. ವಾಪಸ್ ಹೋದ ತಕ್ಷಣ ಪರೀಕ್ಷೆ ಇದೆ."

"ನೀವು ಬೆಟ್ಟ ಹತ್ತೋಕೆ ಬಂದಿದ್ದೀರೋ, ಮನೆ ಖಾಲಿ ಮಾಡ್ತಿದ್ದೀರೋ?"

ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ಅವಳ ಕಿವಿ ಬಿಸಿಯಾಯಿತು.

"ಬೆನ್ನು ನನ್ನದು ತಾನೆ? ನಾನೇ ಹೊರ್ತೀನಿ."

ಅವನು ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. ಪುಸ್ತಕವನ್ನು ಬ್ಯಾಗಿಗೆ ತುರುಕಿ, ಪಟ್ಟಿ ಬಿಗಿದು, ಅವಳ ಕೈಗೆ ಕೊಟ್ಟ.

ನರ್ಸಿಂಗ್ ಕಾಲೇಜಿನ ಕೊನೆಯ ವರ್ಷದ ಹತ್ತು ಹುಡುಗಿಯರು, ಜೊತೆಗೆ ಒಬ್ಬರು ಲೆಕ್ಚರರ್ ಮೇಡಂ. ಆರು ದಿನದ ಟ್ರೆಕ್, ನಾಲ್ಕನೆಯ ದಿನ ಶಿಖರ. ಮುಂದೆ ದಾರಿ ತೋರಿಸಲು ಹಿರಿಯ ಗೈಡ್ ಇದ್ದರು. ಎಲ್ಲರಿಗಿಂತ ಕೊನೆಗೆ ನಡೆಯುವ ಕೆಲಸ ಈ ಕಿರಿಯನದು. ಯಾರೂ ಅವನ ಹಿಂದೆ ಉಳಿಯುವಂತಿಲ್ಲ.

ಅವಳು ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಅವನ ಪಕ್ಕದಲ್ಲೇ ಇದ್ದಳು. ಏದುಸಿರು ಬಿಡುತ್ತಾ, ತುಟಿ ಕಚ್ಚಿಕೊಂಡು.

ಅವನು ಅವಳನ್ನು ನಿಲ್ಲಿಸಿದ. ಬ್ಯಾಗಿನ ಜಿಪ್ ಎಳೆದು ಪುಸ್ತಕ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡ. ಅವಳೂ ಬೇಡ ಎನ್ನಲಿಲ್ಲ.

ಹಾಸ್ಟೆಲ್‌ನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಅಜ್ಜಿ ಎಂದು. ಸ್ವೆಟರ್ ಹಾಕ್ಕೊಳ್ರೇ, ಬಿಸಿನೀರು ಕುಡೀರೇ ಎಂದು ಮೂರು ಹೊತ್ತೂ ಹೇಳುವವಳು. ಅವಳ ರೂಮಿನ ಗೆಳತಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಬಾಯಿ ತೆರೆದರೆ ಮುಚ್ಚದ ಆ ಹುಡುಗಿಗೆ ಚಿನಕುರಳಿ ಎಂದೇ ಹೆಸರು ಬಿದ್ದಿತ್ತು. ಮೂರು ವರ್ಷ ಒಂದೇ ಕೋಣೆ, ಒಂದೇ ಬಕೆಟ್ಟು, ಒಂದೇ ಸೋಪು.

"ಏನ್ ಅಜ್ಜಿ, ಬೇಕಂತಲೇ ನಿಧಾನ ನಡೀತಿದ್ದೀಯ ಅನ್ಸತ್ತೆ?" ಎರಡನೆಯ ದಿನ ಸಂಜೆ ಟೆಂಟಿನೊಳಗೆ ಚಿನಕುರಳಿ ಕಣ್ಣು ಮಿಟುಕಿಸಿದಳು.

"ಸುಮ್ನಿರೇ. ಕಾಲು ನೋಯ್ತಿದೆ."

"ಕಾಲು ಮಾತ್ರನಾ?"

ಅವಳು ರಗ್ಗಿನೊಳಗೆ ಮುಖ ಮುಚ್ಚಿಕೊಂಡಳು. ಗೆಳತಿ ಹೇಳಿದ್ದು ಸುಳ್ಳೇನಲ್ಲ... ಕಾಲು ಅಷ್ಟೇನೂ ನೋಯುತ್ತಿರಲಿಲ್ಲ.

ಅವನು ಹೆಚ್ಚು ಮಾತಿನವನಲ್ಲ. ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟಿದ್ದ. ಅಪ್ಪನ ಸೊಂಟ ಮುರಿದ ಮೇಲೆ ಮನೆಗೆ ಅವನೇ ದಿಕ್ಕು. ದಾರಿಯಲ್ಲಿ ಕೂತಾಗ ಅವಳ ಪುಸ್ತಕ ತೆರೆದು, "ಈ ಪಾಠ ಒಪ್ಪಿಸಿ ನೋಡೋಣ" ಎನ್ನುತ್ತಿದ್ದ. ತಪ್ಪು ಹೇಳಿದರೆ ನಗುತ್ತಿರಲಿಲ್ಲ, ಬೆರಳಿಟ್ಟು ಆ ಸಾಲನ್ನು ತೋರಿಸುತ್ತಿದ್ದ. ಇಷ್ಟು ಹತ್ತಿರದಿಂದ, ಇಷ್ಟು ಸಾವಧಾನವಾಗಿ ತನ್ನ ಮಾತನ್ನು ಈವರೆಗೆ ಯಾರೂ ಕೇಳಿರಲಿಲ್ಲ ಎಂದು ಅವಳಿಗೆ ಅನ್ನಿಸಿತು.

ಮೂರನೆಯ ದಿನ ಅವನೇ ಮೆಲ್ಲಗೆ ಅಂದ: "ನಾಳೆ ಶಿಖರ. ಆಮೇಲೆ ಇಳಿಯೋದು ಬೇಗ ಆಗ್ಬಿಡತ್ತೆ."

ಆ ಮಾತಿನಲ್ಲಿದ್ದ ಬೇಸರ ಅವಳಿಗೆ ತಿಳಿಯಿತು. ತಿಳಿದು, ಎದೆ ಝಲ್ಲೆಂದಿತು.

ನಾಲ್ಕನೆಯ ದಿನ ನಸುಕಿನಲ್ಲಿ ಅವಳಿಗೆ ಎಚ್ಚರವಾದಾಗ ಚಿನಕುರಳಿ ಟೆಂಟಿನ ಬಾಗಿಲಲ್ಲಿ ಬಗ್ಗಿ ವಾಂತಿ ಮಾಡುತ್ತಿದ್ದಳು.

"ತಲೆ ಸಿಡೀತಿದೆ ಕಣೇ... ಯಾರಿಗೂ ಹೇಳ್ಬೇಡ."

"ಹುಚ್ಚಾ ನಿಂಗೆ? ಇಷ್ಟು ಎತ್ತರದಲ್ಲಿ ತಲೆನೋವು, ವಾಂತಿ ಅಂದ್ರೆ ಏನು ಅಂತ ಇಬ್ಬರಿಗೂ ಗೊತ್ತು. ಕೆಳಗೆ ಇಳೀಬೇಕು."

ಚಿನಕುರಳಿ ಅವಳ ಎರಡೂ ಕೈ ಹಿಡಿದುಕೊಂಡಳು. "ನಮ್ಮಪ್ಪ ಯಾವಾಗ್ಲೂ ಹೇಳ್ತಾರೆ, ನೀನು ಒಂದನ್ನೂ ಪೂರ್ತಿ ಮಾಡಿದವಳಲ್ಲ ಅಂತ. ಸಂಗೀತ ಬಿಟ್ಟೆ, ಈಜು ಬಿಟ್ಟೆ... ಇದೊಂದನ್ನ ಮುಗಿಸಿ ಒಂದು ಫೋಟೋ ಕಳಿಸ್ಬೇಕು ಕಣೇ. ಇನ್ನು ನಾಲ್ಕೇ ಗಂಟೆ ದಾರಿ. ಅಜ್ಜಿ, ಪ್ಲೀಸ್..."

ಚಿನಕುರಳಿಯ ಕಣ್ಣಲ್ಲಿ ನೀರನ್ನು ಅವಳು ನೋಡಿದ್ದು ಅದೇ ಮೊದಲು. ಒಂದು ಮಾತ್ರೆ ಕೊಟ್ಟು ಸುಮ್ಮನಾದಳು.

ಜೋರಾಗಿ ನಡೆಯುವ ಆರು ಮಂದಿ ಮೇಡಂ ಮತ್ತು ಹಿರಿಯ ಗೈಡ್ ಜೊತೆ ಮುಂಚೆಯೇ ಹೊರಟಿದ್ದರು. ಉಳಿದ ನಾಲ್ವರನ್ನು ಸಾಲಾಗಿ ನಿಲ್ಲಿಸಿ ಅವನು ಒಬ್ಬೊಬ್ಬರನ್ನೇ ವಿಚಾರಿಸಿದ. ತಲೆನೋವು ಇದೆಯಾ? ನಿದ್ದೆ ಬಂತಾ? ತಿಂಡಿ ತಿಂದ್ರಾ?

"ಕಲ್ಲುಗುಂಡಿನ ಹಾಗಿದ್ದೀನಿ" ಎಂದಳು ಚಿನಕುರಳಿ.

ಅವನು ಪಕ್ಕದಲ್ಲಿದ್ದ ಅವಳ ಕಡೆ ತಿರುಗಿದ. "ನೀವು ಹೇಳಿ. ಇವರು ಹೇಗಿದ್ದಾರೆ?"

ಗೆಳತಿಯ ಬೆರಳು ಬೆನ್ನ ಹಿಂದೆ ಅವಳ ಅಂಗಿಯ ಚುಂಗನ್ನು ಹಿಡಿದಿತ್ತು.

"ಚೆನ್ನಾಗಿದ್ದಾಳೆ."

ಎರಡೂವರೆ ಗಂಟೆಯ ನಂತರ ಚಿನಕುರಳಿಯ ಹೆಜ್ಜೆ ತಪ್ಪತೊಡಗಿತು. ಮಾತು ತೊದಲಿತು. ಆಮೇಲೆ ಮಾತೇ ನಿಂತಿತು... ಯಾವಾಗಲೂ ನಿಲ್ಲದ ಮಾತು.

ಅವನು ಚಿನಕುರಳಿಯನ್ನು ಬೆನ್ನಿಗೆ ಕಟ್ಟಿಕೊಂಡು ಓಡಿದ. ಬಿದ್ದ, ಎದ್ದ, ಮತ್ತೆ ಓಡಿದ. ಕ್ಯಾಂಪಿನಲ್ಲಿ ಆಮ್ಲಜನಕ ಕೊಟ್ಟರು. ಅಲ್ಲಿಂದ ಮತ್ತೆ ಕೆಳಗೆ. ಜೀಪು ರಸ್ತೆ ಸೇರಿದಾಗ ಮಧ್ಯಾಹ್ನ ಮೂರು ಗಂಟೆ. ಆಸ್ಪತ್ರೆ ಇನ್ನೂ ದೂರವಿತ್ತು. ಗೆಳತಿಯ ಮಣಿಕಟ್ಟನ್ನು ಹಿಡಿದು ಕೂತಿದ್ದ ಅವಳಿಗೆ, ನಾಡಿ ನಿಂತದ್ದು ಉಳಿದವರಿಗಿಂತ ಮೊದಲೇ ತಿಳಿಯಿತು. ಆದರೂ ಅವಳು ಬೆರಳು ತೆಗೆಯಲಿಲ್ಲ.

ಆಮೇಲಿನ ವಾರವೆಲ್ಲ ಅವಳು ಜ್ವರದಲ್ಲಿ ಮಲಗಿದ್ದಳು. ವಿಚಾರಣೆಗೆ ಅವಳನ್ನು ಕರೆಯಲೇ ಇಲ್ಲ. ಗೈಡ್‌ನ ಲೈಸೆನ್ಸ್ ರದ್ದಾಯಿತು ಎಂಬ ಸುದ್ದಿ ಮಾತ್ರ ಬಂತು.

ಅವಳು ಅವನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಹತ್ತು ಸಲ, ಇಪ್ಪತ್ತು ಸಲ. ಒಂದು ದಿನ ಆ ನಂಬರೇ ಇಲ್ಲವಾಯಿತು.

'ನನ್ನ ದನಿ ಕೇಳೋಕೂ ಅವನಿಗೆ ಅಸಹ್ಯ. ಸರಿಯೇ ಇದೆ... ನಾನು ಸುಳ್ಳು ಹೇಳಿದೆ ಅಂತ ಅವನಿಗೆ ಗೊತ್ತಾಗಿರತ್ತೆ.'

ಚಿನಕುರಳಿಯ ಅಮ್ಮ ಪ್ರತಿ ಭಾನುವಾರ ಅವಳಿಗೆ ಫೋನ್ ಮಾಡುತ್ತಿದ್ದರು.

"ಊಟ ಮಾಡಿದ್ಯಾ ಮಗಳೇ? ನಿನ್ನ ದನಿ ಕೇಳಿದ್ರೆ ಅವಳನ್ನೇ ಕೇಳಿದ ಹಾಗಾಗತ್ತೆ." ಕೊನೆಗೆ ಪ್ರತಿ ಸಲವೂ ಒಂದೇ ಮಾತು. "ಆ ಗೈಡ್ ಹಾಳಾಗಿ ಹೋಗ್ಲಿ. ಸರಿಯಾಗಿ ನೋಡ್ಕೊಂಡಿದ್ದಿದ್ರೆ ನನ್ನ ಕೂಸು ಉಳೀತಿತ್ತು."

ಹೇಳಿಬಿಡಬೇಕು ಎಂದು ಬಾಯಿ ತೆರೆಯುತ್ತಿದ್ದಳು. ಆಯ್ತಮ್ಮಾ ಎಂದಷ್ಟೇ ಹೇಳಿ ಫೋನ್ ಇಟ್ಟುಬಿಡುತ್ತಿದ್ದಳು. ಹೀಗೆ ಎಂಟು ತಿಂಗಳು ಕಳೆದವು.

ಪರೀಕ್ಷೆ ಮುಗಿದು ಸರ್ಟಿಫಿಕೇಟ್ ತೆಗೆದುಕೊಳ್ಳಲು ಹೋದ ದಿನ, ಸ್ಟಾಫ್ ರೂಮಿನಲ್ಲಿ ಮೇಡಂ ನಿಟ್ಟುಸಿರಿಟ್ಟು ಹೇಳಿದರು: "ಆ ಹುಡುಗ ಒಳ್ಳೆಯವನು ಅಂದುಕೊಂಡಿದ್ದೆ. ಕೊನೆಗೆ ತಾನೇ ಬರೆದುಕೊಟ್ಟ ನೋಡು, ಆ ಬೆಳಿಗ್ಗೆ ಯಾರನ್ನೂ ವಿಚಾರಿಸಲೇ ಇಲ್ಲ ಅಂತ. ಜೊತೆಗಿದ್ದ ಇಬ್ಬರು ಹುಡುಗಿಯರು ಗಾಬರೀಲಿ ಏನೂ ನೆನಪಿಲ್ಲ ಅಂದ್ರು."

"ವಿಚಾರಿಸಲಿಲ್ವಾ?"

"ಹಾಗಂತ ಅವನೇ ಸಹಿ ಹಾಕಿದ್ದಾನೆ."

ಅವಳು ಮೇಡಂ ಎದುರಿನ ಕುರ್ಚಿಯಲ್ಲಿ ಕೂತಳು. ವಿಚಾರಿಸಿದ್ದ. ಎರಡೆರಡು ಸಲ ವಿಚಾರಿಸಿದ್ದ. ಹಾಗೆಂದು ಅವನು ಬರೆದಿದ್ದರೆ, ಮುಂದಿನ ಪ್ರಶ್ನೆ ತನ್ನ ಬಳಿಗೆ ಬರುತ್ತಿತ್ತು...

ಅಲ್ಲೇ, ಮೇಡಂ ಮೇಜಿನ ಮೇಲೆಯೇ, ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿದಳು. ಮೇಡಂ ಓದಿ ಕನ್ನಡಕ ತೆಗೆದರು. "ನಿನ್ನ ಕೆಲಸಕ್ಕೆ ಕುತ್ತು ಬರಬಹುದು, ಗೊತ್ತಾ?"

"ಗೊತ್ತು ಮೇಡಂ."

ಆ ಭಾನುವಾರ ಫೋನಿಗೆ ಕಾಯದೆ ಚಿನಕುರಳಿಯ ಮನೆಗೇ ಹೋದಳು. ಸೋಫಾದ ತುದಿಯಲ್ಲಿ ಕೂತು, ನೆಲ ನೋಡುತ್ತಾ, ಎಲ್ಲವನ್ನೂ ಹೇಳಿದಳು. ಒಂದು ಮಾತನ್ನು ಮಾತ್ರ ಹೇಳಲಿಲ್ಲ: ಅಪ್ಪನಿಗೆ ಫೋಟೋ ಕಳಿಸಬೇಕು ಎಂದದ್ದನ್ನು. ಅದನ್ನು ಆ ಅಪ್ಪ ಹೊರುವುದು ಬೇಡ ಎನ್ನಿಸಿತು.

ಅಪ್ಪ ಎದ್ದು ಒಳಗೆ ಹೋದರು. ಅಮ್ಮ ಗೋಡೆಯ ಮೇಲಿದ್ದ ಮಗಳ ಫೋಟೋ ಕಡೆ ತಿರುಗಿದರು.

"ಎಂಟು ತಿಂಗಳು ನಾನು ಬೇರೆಯವರ ಮಗನಿಗೆ ಶಾಪ ಹಾಕಿದೆನಲ್ಲ..."

"ಅಮ್ಮಾ..."

"ಈಗ ಹೋಗು ಮಗಳೇ. ನಾನಾಗಿ ಕರೆಯೋವರೆಗೆ ಬರಬೇಡ. ಕರೀತೀನೋ ಇಲ್ವೋ ನನಗೇ ಗೊತ್ತಿಲ್ಲ."

ಮಗಳೇ ಎಂಬ ಆ ಒಂದು ಪದವನ್ನು ಹಿಡಿದುಕೊಂಡು ಅವಳು ಮೆಟ್ಟಿಲು ಇಳಿದಳು.

ಅವನನ್ನು ಹುಡುಕುವುದು ಕಷ್ಟವಾಗಲಿಲ್ಲ. ಬೆಟ್ಟದ ಕೆಳಗಿನ ಊರಿನಲ್ಲಿ, ಸೋದರಮಾವನ ಮರಗೆಲಸದ ಶೆಡ್‌ನಲ್ಲಿ ಅವನು ಕುರ್ಚಿಯ ಕಾಲಿಗೆ ಉಪ್ಪುಕಾಗದ ಉಜ್ಜುತ್ತಿದ್ದ. ಮೈಯೆಲ್ಲ ಮರದ ಪುಡಿ. ಬಾಗಿಲಲ್ಲಿ ನೆರಳು ಕಂಡು ತಲೆ ಎತ್ತಿದವನ ಕೈ ಹಾಗೇ ನಿಂತಿತು.

"ನಿಜ ಏನು ಅಂತ ಬರೆದುಕೊಟ್ಟೆ," ಎಂದಳು. "ಅವಳ ಮನೆಗೂ ಹೋಗಿ ಹೇಳಿದೆ. ನಿಮ್ಮ ಲೈಸೆನ್ಸ್ ವಾಪಸ್ ಬರಬಹುದು."

"ಯಾಕೆ ಹೇಳಿದ್ರಿ?"

"ನೀವ್ಯಾಕೆ ಹೇಳಲಿಲ್ಲ? ನನ್ನನ್ನ ಉಳಿಸೋಕೆ ತಾನೆ?"

ಅವನು ಅಲ್ಲವೆಂದು ನಿಧಾನವಾಗಿ ತಲೆಯಾಡಿಸಿದ.

"ಅಷ್ಟು ದೊಡ್ಡವನಲ್ಲ ನಾನು. ಆವತ್ತು ನೀವು ಚೆನ್ನಾಗಿದ್ದಾಳೆ ಅಂದಾಗ ನಿಮ್ಮ ಮುಖ ನೋಡಿದೆ. ಮೂರು ದಿನ ಅದೇ ಮುಖ ನೋಡಿಕೊಂಡು ನಡೆದವನು. ಸುಳ್ಳು ಅಂತ ಅನುಮಾನ ಬಂತು." ಅವನ ದನಿ ಒಡೆಯಿತು. "ನಿಮ್ಮ ಗೆಳತೀನ ವಾಪಸ್ ಕಳಿಸಿದ್ರೆ ನೀವೂ ಜೊತೆಗೆ ಇಳೀತಿದ್ರಿ. ನಿಮ್ಮ ಜೊತೆ ಇನ್ನೊಂದು ದಿನ ನಡೀಬೇಕು ಅನ್ನೋ ಆಸೆಗೆ... ಮತ್ತೆ ಕೇಳಲಿಲ್ಲ. ಅದನ್ನ ಹೇಗೆ ಬರೆದುಕೊಡ್ಲಿ? ವಿಚಾರಿಸಲೇ ಇಲ್ಲ ಅಂತ ಬರೆದುಬಿಟ್ಟೆ. ಯಾವ ಮುಖ ಇಟ್ಕೊಂಡು ನಿಮ್ಮ ಫೋನ್ ಎತ್ತಲಿ?"

ಅವಳು ಕಾಲು ಜೋಡಿಸದ ಕುರ್ಚಿಗಳ ನಡುವೆ, ಮರದ ಹೊಟ್ಟಿನ ಮೇಲೆಯೇ ಕೂತಳು. ಇಷ್ಟು ದಿನ ತಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದ ಭಾರವನ್ನು, ಇಲ್ಲೊಬ್ಬ ತನ್ನಷ್ಟೇ ಹೊತ್ತಿದ್ದ. ಅವಳು ಅತ್ತಳು. ಅವನು ಸಮಾಧಾನ ಹೇಳಲು ಬರಲಿಲ್ಲ. ಎದುರಿಗೆ ಕೂತು, ತಾನೂ ಅತ್ತ.

ಅಳು ಇಳಿದ ಮೇಲೆ ಅವನೇ ಹೇಳಿದ: "ನನ್ನನ್ನ ನೋಡಿದಾಗಲೆಲ್ಲ ನಿಮಗೆ ಅವರು ನೆನಪಾಗ್ತಾರೆ."

"ನೋಡದೇ ಇದ್ದಾಗಲೂ ನೆನಪಾಗ್ತಿದ್ಲು. ಆದರೆ ಆ ದಿನದ ಬಗ್ಗೆ ಮಾತಾಡೋಕೆ ನನಗೆ ಲೋಕದಲ್ಲಿ ಇನ್ಯಾರೂ ಇಲ್ಲ." ಅವಳು ಕಣ್ಣೊರೆಸಿಕೊಂಡಳು. "ನಿಮ್ಮ ಮೇಲೆ ಆಸೆ ಇಟ್ಕೊಂಡೇ ನಾನೂ ನಿಧಾನ ನಡೆದದ್ದು. ಆಸೆ ಈಗಲೂ ಇದೆ. ಇರಬಾರದು ಅಂತ ಎಷ್ಟೋ ಸಲ ಅನ್ನಿಸ್ತು. ಹೋಗಲಿಲ್ಲ."

ಅವನು ಮರದ ಪುಡಿ ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು, ಅಳುಕುತ್ತಲೇ ಮುಂದೆ ಚಾಚಿದ. ಅವಳು ಹಿಡಿದುಕೊಂಡಳು.

"ಅವರ ಬಗ್ಗೆ ಹೇಳಿ," ಎಂದ. "ನನಗೆ ಗೊತ್ತಿರೋದು ನಾಲ್ಕೇ ದಿನ."

"ತುಂಬಾ ಇದೆ. ಮುಗಿಯಲ್ಲ."

"ವಾಪಸ್ ಬಸ್ ಎಷ್ಟಕ್ಕೆ?"

"ಐದಕ್ಕೆ." ಅವಳು ಹೊರಗಿನ ಬಿಸಿಲನ್ನೊಮ್ಮೆ ನೋಡಿದಳು. "ನಾಳೆಯೂ ಐದಕ್ಕೆ ಒಂದು ಇರತ್ತಲ್ಲ."