ಗುಡ್ಡದ ಮೇಲಿನ ನಾಲ್ಕನೆಯ ದಾರಿ

"ನೀನಾ...?!"

ಚಹಾದ ತಟ್ಟೆ ಹಿಡಿದು ಬಂದ ಅದೋಯೊ ಅಲ್ಲೇ ನಿಂತಳು. ಅಂಗಳದ ಶಾಮಿಯಾನದಡಿ ಮಂಡಿಯೂರಿ ಕ್ಯಾಮೆರಾಗೆ ತಂತಿ ಸಿಕ್ಕಿಸುತ್ತಿದ್ದವನು ಒಲೂಚ್! ವರ್ಷದಿಂದ ಅವಳು ಮಾತು ಬಿಟ್ಟಿದ್ದ, ಒಂದು ದಿನವೂ ಮರೆಯಲಾಗದ ಒಲೂಚ್.

"ಕೆಲಸಕ್ಕೆ ಬಂದೆ. ಮುಗಿದ ತಕ್ಷಣ ಹೊರಡ್ತೀನಿ," ಎಂದ ಅವನು, ತಲೆ ಎತ್ತದೆ.

'ಹೊರಡು... ಹೊರಡೋದು ನಿನಗೇನು ಹೊಸದಾ?'

ಇವತ್ತು ಅಮ್ಮನ ವರ್ಷದ ಪ್ರಾರ್ಥನೆ. ಹೋದ ವರ್ಷ ಇದೇ ಅಂಗಳದಲ್ಲಿ ಅಮ್ಮನನ್ನು ಮಣ್ಣಿಗಿಳಿಸುವಾಗ, ಮದುವೆಯಾಗುತ್ತೇನೆಂದಿದ್ದವನನ್ನು ಅವಳ ಕಣ್ಣು ಹುಡುಕಿತ್ತು. ಅವನಿರಲಿಲ್ಲ! "ಮಣ್ಣಿಗೆ ನಿಲ್ಲದವನು ಯಾವ ಮುಖ ಇಟ್ಕೊಂಡು ಹೆಣ್ಣು ಕೇಳ್ತಾನೆ?" ಎಂದಿದ್ದಳು ಸೋದರತ್ತೆ. ಅಳಿಯನಾಗುವವನಿಗೆ ಈ ಸಿಯಾಯಾ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಇನ್ನು ಬರಬೇಡವೆಂದು ಅದೋಯೊ ಹೇಳಿ ಕಳಿಸಿದ್ದಳು. ಆಮೇಲೆ ದಾರಿ ಕಾದವಳೂ ಅವಳೇ.

ಪ್ರಾರ್ಥನೆ ಶುರುವಾಯಿತು. ರಜೆ ಸಿಗದೆ ದೋಹಾದಲ್ಲೇ ಉಳಿದ ಅಣ್ಣನಿಗೆ ಎಲ್ಲವೂ ಫೋನಿನಲ್ಲಿ ನೇರಪ್ರಸಾರವಾಗಿ ಕಾಣಬೇಕು. ಅದಕ್ಕೆ ಕ್ಯಾಮೆರಾ ತಂಡದವರು ಮೂರು ಕಂಪನಿಯ ಸಿಮ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಜಡೆಯಂತೆ ಹೆಣೆದಿದ್ದರು. ಒಂದು ಸೋತರೆ ಉಳಿದವು ಚಿತ್ರ ಹೊರುತ್ತವೆ. ಆದರೆ ಸೇರಿದ ಜನರ ಫೋನುಗಳೆಲ್ಲ ಒಟ್ಟಾಗಿ ಟವರಿನ ಉಸಿರು ಕಟ್ಟಿಸಿದ್ದವು. ಮೂರು ದಾರಿಗಳೂ ಸೊರಗಿದವು. ಉಳಿದದ್ದು ನಾಲ್ಕನೆಯದೊಂದೇ, ಗುಡ್ಡದ ಮೇಲಿಂದ ದೂರದ ಟವರ್ ಹಿಡಿಯುವ ಆಂಟೆನಾ.

"ಲೋ ಒಲೂಚ್!" ಕ್ಯಾಮೆರಾ ತಂಡದ ಯಜಮಾನ ಒಡೂರ್ ಕೂಗಿದ. "ಅವತ್ತಿನ ಹಾಗೇ ಆಂಟೆನಾ ಹಿಡ್ಕೊಂಡು ಗುಡ್ಡಕ್ಕೆ ಓಡೋ!"

ಒಲೂಚ್ ಓಡಿದ.

ಅದೋಯೊ ಒಡೂರ್‌ನತ್ತ ತಿರುಗಿದಳು. "ಅವತ್ತು... ಅಂದ್ರೆ?"

"ನಿಮ್ಮಮ್ಮನ ಮಣ್ಣಿನ ದಿನ ಕಣಮ್ಮಾ! ಆಂಟೆನಾ ಸ್ಟ್ಯಾಂಡ್ ಮುರಿದುಹೋಗಿತ್ತು. ಗಾಳೀಲಿ ಕಂಬ ತಬ್ಕೊಂಡು ಕೊನೇವರೆಗೂ ನಿಂತಿದ್ದ, ಪುಣ್ಯಾತ್ಮ. ಇಲ್ದಿದ್ರೆ ನಿಮ್ಮಣ್ಣ ತಾಯಿ ಮುಖ ನೋಡ್ತಿರಲಿಲ್ಲ. ನಿಂಗೆ ಹೇಳಿಲ್ವಾ?"

ಅವಳು ಚಪ್ಪಲಿಯನ್ನೂ ಮೆಟ್ಟದೆ ಗುಡ್ಡ ಹತ್ತಿದಳು.

"ಯಾಕೋ ಹೇಳಲಿಲ್ಲ?! ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

ಕಂಬಕ್ಕೆ ಹೆಗಲು ಕೊಟ್ಟಿದ್ದ ಒಲೂಚ್ ಬೆದರಿ ತಿರುಗಿದ. "ಅಮ್ಮನ್ನ ಕಳ್ಕೊಂಡು ಅಳ್ತಿದ್ದೆ ನೀನು. ನಾನು ಮಾಡಿದ್ದನ್ನ ಹೇಳ್ಕೊಂಡು ನಿನ್ನ ಕೈ ಕೇಳೋದಾ...? ಆಗಲಿಲ್ಲ ಅದೋಯೊ. ಈ ಕೆಲಸಾನೇ ಹಾಗೆ, ಸರಿಯಾಗಿ ನಡೆದ್ರೆ ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಗಬೇಕಿತ್ತು..." ಅವಳು ಅಳುತ್ತಲೇ ಕಂಬಕ್ಕೆ ಕೈ ಹಾಕಿದಳು. ಅವನ ಬೆರಳುಗಳು ತಣ್ಣಗಿದ್ದವು.

ಫೋನ್ ರಿಂಗಾಯಿತು. ಅಣ್ಣ!

"ಚಿತ್ರ ಬಂತು ಕಣೇ! ಅತ್ತೆ ಕಾಣ್ತಿದಾಳೆ, ಎಲ್ಲರೂ ಕಾಣ್ತಿದಾರೆ. ನೀನೆಲ್ಲಿ ಹೋದೆ? ಅಮ್ಮನ ಪ್ರಾರ್ಥನೇಲಿ ನೀನೇ ಇಲ್ವಲ್ಲೇ!"

ಅದೋಯೊ ಒಲೂಚ್‌ನ ಮುಖ ನೋಡಿದಳು.

"ಇದೀನಿ ಅಣ್ಣಾ... ನಿಂಗೆ ಕಾಣ್ತಿಲ್ಲ, ಅಷ್ಟೆ."

ಫೋನ್ ಇಟ್ಟಳು. ಗಾಳಿ ಜೋರಾಯಿತು.

"ಕೈ ನೋಯುತ್ತೆ, ಬಿಡು," ಎಂದ ಅವನು ಮೆಲ್ಲಗೆ.

"ನೋಯ್ಲಿ. ಹೋದ ಸಲ ಬಿಟ್ಟಿದ್ದೇ ಸಾಕು."