ತಿಪ್ಪವ್ವ ಮೂರು ಹೊಲ ಬದುಕಿಸಿದ್ದು

ಏಳು ಗುಡ್ಡ ಹತ್ತಿ ಇಳಿದರೆ, ಒಂದು ಕಾಲದಲ್ಲಿ ಕೆಂಬಾಳವೆಂಬ ರಾಜ್ಯ ಸಿಗುತ್ತಿತ್ತು. ಅಲ್ಲಿಯ ರಾಜನಿಗೆ ಚೊಕ್ಕಟದ ಹುಚ್ಚು. ಅದನ್ನು ನೋಡಿಕೊಂಡೇ ಬಂದ ಬೂದಿರಾಯನೆಂಬ ಮಾಂತ್ರಿಕ. ಎಲೆ, ಸಗಣಿ, ಹುಲ್ಲು, ಏನು ಬಿದ್ದರೂ ಗುಡಿಸಿ ಸುಡಿಸಿ ಪ್ರಭು, ರಾಜ್ಯ ಥಳಥಳ ಹೊಳೆಯುತ್ತದೆ ಎಂದ. ರಾಜ ಒಪ್ಪಿಬಿಟ್ಟ, ಪುಣ್ಯಾತ್ಮ! ಸುಟ್ಟ ಬೂದಿಯನ್ನೆಲ್ಲ ಮಾಂತ್ರಿಕ ತನ್ನ ಗವಿಯಲ್ಲಿ ಒಟ್ಟಿಕೊಂಡ. ಅವನ ಪ್ರಾಣ ಇದ್ದದ್ದೇ ಆ ಬೂದಿಯಲ್ಲಿ. ಬೂದಿ ಬೆಳೆದಂತೆ ಅವನು ಬೆಳೆದ, ಗೊಬ್ಬರವಿಲ್ಲದೆ ಹೊಲಗಳು ಸತ್ತವು.

ಆ ರಾಜ್ಯದ ಒಂದು ಊರಲ್ಲಿ ಗುರವ್ವನೆಂಬ ಹೆಂಗಸಿಗೆ ಹುಟ್ಟಿದ ಎರಡು ಕೂಸು ಉಳಿಯಲಿಲ್ಲ. ಮೂರನೆಯದನ್ನು ರೂಢಿಯಂತೆ ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪವ್ವ ಎಂದು ಕರೆದಳು. ಕೂಸು ಗಟ್ಟಿಯಾಗಿ ಉಳಿಯಿತು. ಆ ಋಣಕ್ಕೆ ಗುರವ್ವ ಹಿತ್ತಿಲಲ್ಲಿ ಕದ್ದುಮುಚ್ಚಿ ಒಂದು ತಿಪ್ಪೆ ಇಟ್ಟುಕೊಂಡಿದ್ದಳು. ಮಾಂತ್ರಿಕನಿಗೆ ಸುದ್ದಿ ಸಿಕ್ಕಿತು. ಅವಳನ್ನು ಮಣ್ಣಿನ ಗೊಂಬೆ ಮಾಡಿ ತನ್ನ ಗವಿಯ ಬಾಗಿಲಲ್ಲಿ ಕೂರಿಸಿದ.

ಅಷ್ಟು ಹೊತ್ತಿಗೆ ತಿಪ್ಪವ್ವ ಪ್ರಾಯಕ್ಕೆ ಬಂದಿದ್ದಳು. ನೆಟ್ಟಗೆ ಗವಿಗೆ ಹೋಗಿ ಅವ್ವನನ್ನು ಬಿಟ್ಟುಕೊಡು ಎಂದು ಕೇಳಿದಳು. ಮಾಂತ್ರಿಕ ಹೊಟ್ಟೆ ಹಿಡಿದು ನಕ್ಕ.

"ಮೂರು ಸತ್ತ ಹೊಲದಲ್ಲಿ ನವಣೆ ಬೆಳೆದು ತೋರಿಸು. ಎಲ್ಲಿಂದ ಏನು ಬೇಕಾದರೂ ತಗೋ, ನಾನು ತಡೆಯುವುದಿಲ್ಲ. ಸೋತರೆ ಅವ್ವನ ಪಕ್ಕ ನೀನೂ ಗೊಂಬೆ."

ಮೊದಲ ಹೊಲ ಕಬ್ಬಿಣ. ನೇಗಿಲೇ ಬಾಗಿತು. ನನ್ನನ್ನು ಉಳಿಸಿದ ತಿಪ್ಪೆ ಮಣ್ಣನ್ನು ಉಳಿಸದೇ ಎಂದು ತಿಪ್ಪವ್ವ ಅವ್ವನ ತಿಪ್ಪೆಯ ಗೊಬ್ಬರ ತಂದು ಹರಡಿದಳು. ತೋಳಿನಷ್ಟು ದಪ್ಪದ ಎರೆಹುಳವೊಂದು ತಲೆ ಎತ್ತಿ, ಉಂಡು ಎಷ್ಟು ವರ್ಷವಾಯಿತವ್ವ ಎಂದಿತು. ತನ್ನ ಬಳಗವನ್ನೆಲ್ಲ ಕರೆದು ಮೂರು ದಿನದಲ್ಲಿ ಹೊಲ ಉತ್ತುಕೊಟ್ಟಿತು. ನವಣೆ ಮೊಳೆಯಿತು.

ಎರಡನೆಯ ಹೊಲದ ಮಣ್ಣಿಗೆ ಕಾಲಿದ್ದವು. ಹನಿ ಬಿದ್ದರೆ ಎದ್ದು ಹೊಳೆಗೆ ಓಡುತ್ತಿತ್ತು. ತಿಪ್ಪವ್ವ ಗುಡ್ಡದ ತರಗೆಲೆ ತಂದು ಮೊಣಕಾಲುದ್ದ ಹೊದಿಸಿ, ಸುಮ್ಮನೆ ಮಲಗು ಎಂದು ಗದರಿದಳು. ಮಣ್ಣು ಬೆಚ್ಚಗೆ ಮಲಗಿತು. ಅಲ್ಲೂ ನವಣೆ ಮೊಳೆಯಿತು.

ಮೂರನೆಯ ಹೊಲ ಹುಳಿ. ಬಿತ್ತಿದ್ದೆಲ್ಲ ಮುರುಟಿತು. ಗೊಬ್ಬರ ಹಾಕಿದಳು, ಎಲೆ ಹೊದಿಸಿದಳು, ಏನೂ ಆಗಲಿಲ್ಲ. ಆಗ, ಅವ್ವ ಒಲೆಯ ಬೂದಿ ಚೆಲ್ಲುತ್ತಿದ್ದ ಕಡೆ ಹೀರೆಬಳ್ಳಿ ಹುಚ್ಚೆದ್ದು ಹಬ್ಬುತ್ತಿದ್ದದ್ದು ನೆನಪಾಯಿತು. ಬುಟ್ಟಿ ಹಿಡಿದು ಗವಿಗೆ ನಡೆದಳು.

ಮಾಂತ್ರಿಕನ ಮುಖ ಬಿಳಿಚಿತು. ಆದರೆ ಕೊಟ್ಟ ಮಾತು ಅವನ ಕೈ ಕಟ್ಟಿತ್ತು. ಒಂದೊಂದು ಬುಟ್ಟಿ ಬೂದಿ ಹೊಲಕ್ಕೆ ಬಿದ್ದ ಹಾಗೆ ಅವನು ಮೊಣಕಾಲಷ್ಟಾದ, ಗೇಣಷ್ಟಾದ. ಕೊನೆಯ ಬುಟ್ಟಿಗೆ ಇಲ್ಲವಾದ. ಹೊಲ ನವಣೆಯಿಂದ ತೂಗಿತು.

ಗವಿಯ ಬಾಗಿಲಲ್ಲಿ ಗುರವ್ವ ಕೆಮ್ಮಿ ಎದ್ದಳು. ತಿಪ್ಪವ್ವ ಅಳುತ್ತ ನಗುತ್ತ ಅವಳನ್ನು ತಬ್ಬಿಕೊಂಡಳು. ಗುರವ್ವ ಮಗಳ ಬೆನ್ನು ಸವರಿದಳು, ಆಮೇಲೆ ಅವಳ ಕೈ ನೋಡಿದಳು.

"ಏನೇ ಇದು, ಈ ಕೈಯಲ್ಲಿ ಮುಟ್ಟಿದೆಯಾ? ತೊಳಕೊಂಡು ಬಾ, ಉಣ್ಣೋಣ. ತೊಳೆದ ನೀರು ತಿಪ್ಪೆಗೆ ಹಾಕು."

ಅಂದಿನಿಂದ ಕೆಂಬಾಳದಲ್ಲಿ ಮನೆಗೊಂದು ತಿಪ್ಪೆ, ಅರಮನೆಗೆ ಎರಡು. ರಾಜನೇ ಬುಟ್ಟಿ ಹೊರುತ್ತಿದ್ದನಂತೆ. ಎಲ್ಲರೂ ಹೊಟ್ಟೆ ತುಂಬ ನವಣೆ ಅನ್ನ ಉಂಡು ಸುಖವಾಗಿದ್ದರು, ಎರೆಹುಳದ ಬಳಗವೂ ಕೂಡ.