ಧಾಟಿ ಒಂದೇ, ಮನೆ ಎರಡು

"ಯಾರನ್ನ ಕೇಳಿ ನನ್ನ ಹಾಡು ರೆಕಾರ್ಡ್ ಮಾಡಾಕತ್ತೀರಿ?"

ನಾಸಿಕ್ ರೋಡಿನಲ್ಲಿ ಏಳುತ್ತಿದ್ದ ಕಟ್ಟಡದ ಮೂರನೇ ಮಹಡಿ. ಹಾಡು ನಿಲ್ಲಿಸಿ, ಇಟ್ಟಿಗೆಯ ಬುಟ್ಟಿ ಇಳಿಸಿ ವಿದ್ಯಾವತಿ ಸಿಡುಕಿದಳು. ರೆಕಾರ್ಡರ್ ಹಿಡಿದಿದ್ದ ಯುವಕ ತಬ್ಬಿಬ್ಬಾದ.

"ಸಾರಿ... ನಾನು ಮಧುಕರ. ಸಂಭಾಜಿನಗರದ ಕಾಲೇಜಿನವ. ಜನಪದ ಹಾಡುಗಳನ್ನ ಕಂಪ್ಯೂಟರಿಗೆ ಹಾಕಿ, ಯಾವ ಧಾಟಿ ಯಾವುದಕ್ಕೆ ಹೋಲ್ತದ ಅಂತ ಹುಡುಕ್ತೀನಿ. ಇದು ಯಾರ ಹಾಡ್ರಿ?"

"ನಮ್ಮವ್ವ ಮಲಕವ್ವಂದು. ಬೀಸೂ ಪದ. ಅಕಿ ಈಗಿಲ್ಲ."

ಅವನು ತಕ್ಷಣ ಯಂತ್ರ ಆರಿಸಿ ತಲೆ ತಗ್ಗಿಸಿದ. ವಿದ್ಯಾವತಿಯ ಸಿಟ್ಟು ಅಲ್ಲೇ ಕರಗಿತು!

ಮುಂದೆ ಐದು ಭಾನುವಾರ ಅವನು ಅವಳೂ ಅವಳಪ್ಪನೂ ಇದ್ದ ತಗಡಿನ ಶೆಡ್ಡಿಗೆ ಬಂದ. ಅವಳು ಹಾಡಿದಳು, ರೊಟ್ಟಿ ಬಡಿಸಿದಳು. ಅವನ ತಂದೆ ಬ್ಯಾಂಕಿನ ವರ್ಗದ ಮೇಲೆ ಬಂದ ಧಾರವಾಡದವರು, ಅವನು 'ಆಯಿ' ಎನ್ನುವ ತಾಯಿ ಗೋದಾವರಿ, ವೈಜಾಪುರದ ಮರಾಠಿಯವರು. ಎಡವುತ್ತಿದ್ದ ಅವನ ಕನ್ನಡವನ್ನು ತಿದ್ದುವುದೆಂದರೆ ಅವಳಿಗೆ ಖುಷಿ.

ಆರನೇ ಭಾನುವಾರ ಓಡುತ್ತಲೇ ಬಂದ.

"ಮ್ಯಾಚ್ ಸಿಕ್ತು! ವೈಜಾಪುರದಾಗ ಬೀಸುವಾಗ ಹಾಡೋ ಒಂದು ಓವಿ... ನಿಮ್ಮವ್ವನ ಧಾಟೀನೇ! ಅದನ್ನ ಹಾಡಿದ್ದು ಯಾರು ಗೊತ್ತೇನ್ರಿ? ನನ್ನ ಆಯಿ!"

ಹಂಗಾದ್ರ ನಾವಿಬ್ಬರೂ... ಮುಂದೆ ಯೋಚಿಸಲು ಅವಳಿಗೆ ಧೈರ್ಯವಾಗಲಿಲ್ಲ.

"ಆಯಿಗೆ ಕೇಳಿಸಿ ಬರ್ತೀನಿ," ಎಂದು ಹೋದವನು ಮತ್ತೆ ಬರಲೇ ಇಲ್ಲ.

ಎರಡು ತಿಂಗಳು... ಫೋನೂ ಎತ್ತಲಿಲ್ಲ.

ಹಾಡು ಸಿಕ್ತು. ಇನ್ನ ನಾ ಯಾಕ ಬೇಕು ಅವರಿಗೆ?

ಕಟ್ಟಡ ಮುಗಿಯಿತು. "ಸೋಮವಾರ ಸೂರತ್‌ಗೆ ಕೆಲಸಕ್ಕ ಹೊಂಡೂದೈತಿ, ಗಂಟು ಕಟ್ಟವ್ವ," ಎಂದ ಅಪ್ಪ ಧರ್ಮಣ್ಣ. ಶನಿವಾರ ಬೆಳಿಗ್ಗೆಯೇ ವಿದ್ಯಾವತಿ ಸಂಭಾಜಿನಗರದ ಬಸ್ಸು ಹತ್ತಿದಳು.

ಕಾಲೇಜಿನ ಲ್ಯಾಬಿನಲ್ಲಿ ಮಧುಕರ ಒಬ್ಬನೇ ಇದ್ದ. ಗಡ್ಡ ಬೆಳೆದು ಮುಖ ಬಾಡಿತ್ತು.

"ನಮ್ಮವ್ವನ ಹಾಡು ಅಳಿಸ್ರಿ. ಈಗಂದ್ರ ಈಗ!"

ಅವನು ಫೈಲ್ ತೆರೆದ.

"ಅಳಿಸ್ತೀನಿ... ಒಂದು ಮಾತು ಕೇಳ್ರಿ. ಎರಡೂ ಹಾಡು ಕೇಳಿ ಆಯಿ ಅತ್ತಳು. ಇದನ್ನ ಹಾಡಿದ ಹುಡುಗೀನೇ ಮದುವಿ ಆಗ್ತೀನಿ ಅಂದೆ."

"ಏನಂದ್ರು?"

"ಧಾಟಿ ಒಂದಾದ್ರ ಮನಿ ಒಂದಾಗ್ತದೇನು, ಇಟ್ಟಿಗಿ ಹೊರೋಳು ನನ್ನ ಹೊಸ್ತಿಲ ತುಳೀಬಾರದು, ಅಂದಳು. ಊಟ ಬಿಟ್ಟಳು. ದವಾಖಾನಿ ಸೇರಿದಳು. ಯಾವ ಮುಖ ಹೊತ್ತು ನಿಮ್ಮ ಹತ್ರ ಬರ್ಲಿ?"

ಅವನು ಮೋಸಗಾರನೇ ಆಗಿದ್ದರೆ ಎಷ್ಟು ಸುಲಭವಿತ್ತು...

"ಅಳಿಸಬ್ಯಾಡ್ರಿ," ಎಂದಳು ಮೆಲ್ಲಗೆ. "ಸೋಮವಾರ ನಾವು ಸೂರತ್‌ಗೆ ಹೊಂಟೀವಿ."

"ನಾನೂ ಬರ್ತೀನಿ! ನೀವಿಲ್ಲದ ನಂಗ ಆಗೂದಿಲ್ರಿ."

"ನಂಗೂ ಆಗೂದಿಲ್ಲ. ಆದ್ರ ಬರಬ್ಯಾಡ್ರಿ. ಅವ್ವ ಇಲ್ಲಂದ್ರ ಹೆಂಗಿರತೈತಿ, ನಂಗ ಗೊತ್ತೈತಿ."

ಅವನು ಮುಖ ಮುಚ್ಚಿಕೊಂಡ. ತನ್ನ ಒರಟು ಅಂಗೈಯಿಂದ ಅವಳು ಮೊದಲ ಸಲ ಅವನ ಕೈ ಹಿಡಿದಳು.

"ನಾಕು ಗಂಟೆಗೆ ಬಸ್ಸೈತಿ. ಅಲ್ಲೀತನಕ ಇಲ್ಲೇ ಕುಂಡರ್ತೀನಿ. ಒಂದ್ಸಲ ನನ್ನ ಹೆಸರು ಹಿಡಿದು ಕರೀರಿ..."

"ವಿದ್ಯಾ..."

"ಓ..."